ಬೆರಳಿಗೆ ಹನ್ನೆರಡು ಮಿಲಿಮೀಟರ್

ಆ ಪುಸ್ತಕದ ಮೊದಲನೆಯ ಪುಟವನ್ನು ನಾನು ಏಳು ಸಲ ಬರೆದೆ. ಆರು ಸಲ ಕಾಗದದ ಮೇಲೆ, ಒಂದು ಸಲ ಹಲಗೆಯ ಮೇಲೆ. ಏಳರಲ್ಲಿ ಒಂದು ಸಲವಾದರೂ ಸಮಾಧಾನದಿಂದ ಬರೆದೆಯಾ ಎಂದು ಕೇಳಿದರೆ, ಇಲ್ಲ. ಮೊದಲ ಸಲ ಬರೆಯುವಾಗ ಜಂಬವಿತ್ತು, ಮಿಕ್ಕ ಆರು ಸಲವೂ ಸಿಟ್ಟಿತ್ತು. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ.

ನಾನು ಪೀಣ್ಯದಲ್ಲಿ ಬೋರ್ಡ್ ಬರೆಯುತ್ತಿದ್ದವನು. ಕಾರ್ಖಾನೆಗಳ ಹೆಸರು, ಯಂತ್ರದ ಮೇಲಿನ 'ಅಪಾಯ', ಗೇಟಿನ ಪಕ್ಕದ 'ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ', ಎಲ್ಲ ನನ್ನ ಬ್ರಷ್ಷಿನದೇ. ಫ್ಲೆಕ್ಸ್ ಬಂದ ಮೇಲೆ ನಮ್ಮ ಕಸುಬಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಅಳುತ್ತ ಕೂರುವ ಜಾಯಮಾನ ನನ್ನದಲ್ಲ, ಸಿಕ್ಕ ಕೆಲಸಕ್ಕೆ ಊರು ಸುತ್ತುತ್ತಿದ್ದೆ. ಹಾಗೆ ಒಂದು ದಿನ ಕಾಡುಗೋಡಿಯ ಆಚೆ ಏಳುತ್ತಿದ್ದ ಹತ್ತು ಮಹಡಿಯ ಕಟ್ಟಡವೊಂದರ ಬುಡದಲ್ಲಿ ಕೂತು 'ಹೆಲ್ಮೆಟ್ ಧರಿಸಿ' ಎಂದು ಬರೆಯುತ್ತಿದ್ದಾಗ, ಹಿಂದೆ ಯಾರೋ ನಿಂತ ಹಾಗಾಯಿತು.

ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಕೂಲಿಯವರಿದ್ದರು. ಅವರ ಮಕ್ಕಳಿಗಾಗಿ ಒಂದು ಶೆಡ್ಡಿನಲ್ಲಿ ಶಾಲೆ ನಡೆಯುತ್ತಿತ್ತು. ಹಿಂದೆ ನಿಂತಿದ್ದವರು ಆ ಶಾಲೆಯ ಟೀಚರ್. ನಲವತ್ತರ ಹೆಂಗಸು, ಕೋಲಾರದ ಕಡೆಯವರು, ಮಾತು ಖಡಕ್ಕು.

"ಅಣ್ಣ, ನಿಮ್ಮ ಅಕ್ಷರ ದುಂಡಗಿದೆ. ನಮ್ಮ ಮಕ್ಕಳಿಗೊಂದು ಪುಸ್ತಕ ಬರೆದುಕೊಡ್ತೀರಾ? ಚಿತ್ರಾನೂ ನೀವೇ ಬರೀಬೇಕು."

"ಕಂಪ್ಯೂಟರಲ್ಲಿ ಮಾಡಿಸಿ ಮೇಡಂ, ಬೇಗ ಆಗುತ್ತೆ" ಎಂದೆ.

"ಬೇಗ ಆಗೋದು ಬೇಡ. ಈ ಮಕ್ಕಳು ಅಕ್ಷರ ಕಲ್ತಿರೋದು ಕರಿಹಲಗೆ ಮೇಲೆ ನನ್ನ ಕೈ ನೋಡ್ಕೊಂಡು. ಅಚ್ಚಿನ ಅಕ್ಷರ ಕಂಡ್ರೆ ಬೇರೆಯವರ ಮನೆಗೆ ಹೋದಂಗೆ ಬಾಗಿಲಲ್ಲೇ ನಿಂತ್ಬಿಡ್ತವೆ. ಕೈಬರಹದ್ದೇ ಬೇಕು."

ಕಥೆ ಮಕ್ಕಳೇ ಕಟ್ಟಿದ್ದು. ಸೈಟಿನ ಕೋಳಿಯೊಂದು ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ಕಟ್ಟಡ ಹತ್ತುತ್ತದೆ. ಒಂದನೇ ಮಹಡಿಯಲ್ಲಿ ಸಿಮೆಂಟಿನ ಚೀಲ, ಎರಡರಲ್ಲಿ ಕಬ್ಬಿಣ, ಮೂರರಲ್ಲಿ ನೀರು. ಎಲ್ಲ ಕಡೆಯೂ 'ಇಲ್ಲಿ ಜಾಗ ಇಲ್ಲ' ಅಂತ. ಕೊನೆಗೆ ಹತ್ತನೇ ಮಹಡಿಯಲ್ಲಿ ಗಾರೆಯವನು ಬಿಚ್ಚಿಟ್ಟ ಹೆಲ್ಮೆಟ್ಟಿನೊಳಗೆ ಮೊಟ್ಟೆ ಇಡುತ್ತದೆ. ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿ ಇದನ್ನು ಅಚ್ಚು ಹಾಕಿಸಿ ಹಂಚುತ್ತೇವೆಂದು ಒಪ್ಪಿತ್ತು. ಮೇ ತಿಂಗಳು ಮುಗಿಯುವುದರೊಳಗೆ ಪುಸ್ತಕ ಮಕ್ಕಳ ಕೈಯಲ್ಲಿರಬೇಕು ಎಂದರು ಟೀಚರ್.

"ಅಷ್ಟು ಅರ್ಜೆಂಟ್ ಯಾಕೆ?" ಎಂದು ಕೇಳಿದೆ.

ಅವರು ಶೆಡ್ಡಿನ ಬಾಗಿಲಲ್ಲಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದ ಹುಡುಗಿಯನ್ನು ತೋರಿಸಿದರು. ಹತ್ತು ವರ್ಷ. ಅಪ್ಪ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬಿಗೆ ಹಲಗೆ ಕಟ್ಟುವವನು. ಜೂನ್‌ನಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಬೇಕು. ಒಂದು ಪುಟ ತಡವರಿಸದೆ ಓದಿದರೆ ನಾಲ್ಕನೇ ಕ್ಲಾಸು, ಇಲ್ಲದಿದ್ದರೆ ಒಂದನೇ ಕ್ಲಾಸು ಎಂದು ಅಲ್ಲಿನ ಹೆಡ್ ಮೇಡಂ ಹೇಳಿದ್ದರು. ಆರು ವರ್ಷದ ಮಕ್ಕಳ ಜೊತೆ ಕೂರುವುದಿಲ್ಲ ಎಂದು ಹುಡುಗಿಯ ಹಟ. ಹಾಗಿದ್ದರೆ ಶಾಲೆಯೇ ಬೇಡ, ತಮ್ಮನನ್ನು ನೋಡಿಕೊಂಡು ಮನೆಯಲ್ಲಿರಲಿ ಎಂದು ತಾಯಿಯ ತೀರ್ಮಾನ. ಹುಡುಗಿಗೆ ಅಕ್ಷರವೆಲ್ಲ ಗೊತ್ತಿತ್ತು. ಓದಿ ಓದಿ ಅಭ್ಯಾಸ ಮಾಡಿಕೊಳ್ಳಲು ಅವಳದೇ ಅನ್ನುವ ಒಂದು ಪುಸ್ತಕ ಇರಲಿಲ್ಲ. ಇಷ್ಟೇ ವಿಷಯ. ನಾನು ಒಪ್ಪಿಕೊಂಡೆ.

ಮೊದಲ ಸಲ ನಾನು ಬರೆದದ್ದು ಬೋರ್ಡು. ಪುಸ್ತಕವಲ್ಲ, ಬೋರ್ಡು. ನಮ್ಮ ಕಸುಬಿನಲ್ಲಿ ಖಾಲಿ ಬಿಟ್ಟರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಆರಡಿ ತಗಡಿಗೆ ದುಡ್ಡು ಕೊಟ್ಟವನಿಗೆ ಆರಡಿಯೂ ತುಂಬಿರಬೇಕು. ಅದಕ್ಕೇ ನಾವು ಅಕ್ಷರವನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸುತ್ತೇವೆ, ಕುಗ್ಗಿಸುತ್ತೇವೆ. ಉದ್ದದ ಹೆಸರಾದರೆ ಹೊಟ್ಟೆ ಒಳಗೆ ಎಳೆದುಕೊಂಡ ಅಕ್ಷರ, ಗಿಡ್ಡ ಹೆಸರಾದರೆ ಕಾಲು ಚಾಚಿಕೊಂಡ ಅಕ್ಷರ. ಸುತ್ತ ಅಂಚು, ಅಕ್ಷರಕ್ಕೆ ನೆರಳು, ನೆರಳಿಗೊಂದು ಬಣ್ಣ. ಮೂವತ್ತು ವರ್ಷದ ಕೈಚಳಕವನ್ನೆಲ್ಲ ಆ ಪುಟದ ಮೇಲೆ ಸುರಿದೆ. ಕೋಳಿಗೆ ನವಿಲಿನಷ್ಟು ಬಣ್ಣ ಹಾಕಿದೆ. ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನ್ನಿಸಿತು.

ಟೀಚರ್ ಪುಟ ನೋಡಿದರು. ಆ ಹುಡುಗಿಯನ್ನು ಕರೆದು ಓದು ಎಂದರು. ಅವಳು ಚಾಪೆಯ ಮೇಲೆ ಮಂಡಿಯೂರಿ ಸಾಲಿನ ಕೆಳಗೆ ಬೆರಳಿಟ್ಟಳು. "ಕೋಳಿ" ಅಂದಳು. "ಮೆ... ಮೆಟಿ..." ಎಂದು ನಿಂತಳು. ಬೆರಳು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಅಷ್ಟರಲ್ಲಿ ಕಣ್ಣು ಕೆಳಗಿನ ಸಾಲಿಗೆ ಜಾರಿತ್ತು. ಮತ್ತೆ ಮೊದಲಿನಿಂದ ಶುರು.

ನನಗೆ ಸಿಟ್ಟು ಬಂತು. ಯಾರ ಮೇಲೆ? ಆ ಮಗುವಿನ ಮೇಲೆ! "ಓದೋಕೆ ಬರಲ್ಲ ಅಂದ್ರೆ ಬರಲ್ಲ ಅನ್ನಮ್ಮ, ಸುಮ್ನೆ ಬೆರಳಾಡಿಸ್ಬೇಡ" ಎಂದುಬಿಟ್ಟೆ.

ಅವಳು ನನ್ನನ್ನು ನೆಟ್ಟಗೆ ನೋಡಿದಳು. "ಬರತೈತ್ರಿ. ಬೆರಳ ಇಟ್ರ ಒತ್ತು ಮುಚ್ಚತೈತಿ. ತಗದ್ರ ಸಾಲು ತಪ್ಪತೈತಿ. ನಾ ಏನ್ ಮಾಡ್ಲಿ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಬಾಯಿಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಆಡಲಿಲ್ಲ. ಬಗ್ಗಿ ನೋಡಿದೆ. ನೆಲ ನಿಜವಾಗಿಯೂ ಡೊಂಕಾಗಿತ್ತು, ಅದನ್ನು ಡೊಂಕು ಮಾಡಿದವನು ನಾನೇ ಆಗಿದ್ದೆ. ಕನ್ನಡದ ಅಕ್ಷರ ಸಾಲಿನ ಮೇಲೆ ಮಾತ್ರ ಕೂರುವುದಿಲ್ಲ, ಒತ್ತು ಸಾಲಿನ ಕೆಳಗೆ ಜೋತಾಡುತ್ತದೆ. 'ಮೆಟ್ಟಿಲು', 'ಹತ್ತಿತು', 'ಮೊಟ್ಟೆ', ಆ ಕಥೆಯ ತುಂಬ ಒತ್ತೇ. ಓದಲು ಕಲಿಯುವ ಮಗು ಬೆರಳಿಡುವುದೂ ಅಲ್ಲೇ, ಸಾಲಿನ ಕೆಳಗೆ. ಜಾಗ ತುಂಬುವ ಚಟಕ್ಕೆ ನಾನು ಸಾಲಿಗೆ ಸಾಲು ಅಂಟಿಸಿದ್ದೆ. ಸಾಲದ್ದಕ್ಕೆ ಒಂದು ಸಾಲಿನ 'ಕ' ಡೊಳ್ಳು ಹೊಟ್ಟೆಯದು, ಇನ್ನೊಂದು ಸಾಲಿನದು ಉಪವಾಸ ಬಿದ್ದದ್ದು. ಎರಡೂ ಒಂದೇ ಅಕ್ಷರ ಎಂದು ಆ ಮಗು ಹೇಗೆ ನಂಬಬೇಕು?

"ಇದು ಅಂಗಡಿ ಬೋರ್ಡಲ್ಲ ಅಣ್ಣ" ಎಂದರು ಟೀಚರ್. "ಬೋರ್ಡ್ ನೋಡೋನಿಗೆ ಓದೋಕೆ ಮೊದಲೇ ಬರುತ್ತೆ."

ಆ ಮಾತು ಮರ್ಮಕ್ಕೆ ತಾಗಿತು. ನಾನು ಜೇಬಿನಿಂದ ಸ್ಕೇಲು ತೆಗೆದು ಹುಡುಗಿಗೆ ಬೆರಳು ಚಾಚಲು ಹೇಳಿದೆ. ಅವಳ ತೋರುಬೆರಳಿನ ಅಗಲ ಹನ್ನೊಂದು ಮಿಲಿಮೀಟರ್. ಒಂದು ಸೇರಿಸಿ ಹನ್ನೆರಡು ಎಂದು ಬರೆದುಕೊಂಡೆ.

ಅಲ್ಲಿಂದ ಮುಂದೆ ಎಲ್ಲ ಅಳತೆಯೂ ಆ ಬೆರಳಿನಿಂದಲೇ ಹೊರಟಿತು. ಒಂದು ಸಾಲಿಗೆ ನಾಲ್ಕು ಪಟ್ಟಿ ಗೆರೆ ಹಾಕಿದೆ. ತಲೆಯ ಮೇಲಿನ ಗುಡಿಸಿಗೆ ಐದು ಮಿಲಿಮೀಟರ್, ಅಕ್ಷರದ ಮೈಗೆ ಹತ್ತು, ಒತ್ತಿಗೆ ಆರು, ಅದರ ಕೆಳಗೆ ಬೆರಳಿಗೆ ಹನ್ನೆರಡು. ಪುಟಕ್ಕೆ ಮೂರೇ ಸಾಲು. ಸಾಲಿನ ಕೊನೆಯಲ್ಲಿ ಪದ ಮುರಿಯಬಾರದು. ಉಸಿರು ನಿಲ್ಲುವ ಕಡೆ ಸಾಲು ನಿಲ್ಲಬೇಕು, ಬಲಗಡೆ ಎಷ್ಟು ಖಾಲಿ ಉಳಿದರೂ ಸರಿ. ನೆರಳು, ಅಂಚು, ಹೂಬಳ್ಳಿ ಎಲ್ಲ ರದ್ದು.

ಚಿತ್ರಕ್ಕೂ ಕಟ್ಟುಪಾಡು ಬಂತು. ಪ್ರತಿ ಮಹಡಿಗೆ ಎದುರುಬದುರು ಎರಡು ಪುಟ, ಎಡದಲ್ಲಿ ಚಿತ್ರ, ಬಲದಲ್ಲಿ ಮಾತು. ಕೋಳಿ ಯಾವಾಗಲೂ ಬಲಕ್ಕೆ ಮುಖ ಮಾಡಿರಬೇಕು, ಯಾಕೆಂದರೆ ಪುಟ ಮಗುಚುವುದು ಆ ಕಡೆಯಿಂದ. ಕೋಳಿ ಎತ್ತ ನೋಡುತ್ತದೋ ಮಗುವಿನ ಕಣ್ಣೂ ಅತ್ತ ಹೋಗುತ್ತದೆ. ಒಂದನೇ ಮಹಡಿಯಲ್ಲಿ ಕೋಳಿ ಪುಟದ ತಳದಲ್ಲಿ, ಹತ್ತನೆಯದರಲ್ಲಿ ನೆತ್ತಿಯಲ್ಲಿ. ಪುಟ ಪಟಪಟ ತಿರುವಿದರೆ ಕೋಳಿ ಏರುತ್ತಾ ಹೋಗುವುದು ಕಾಣಬೇಕು. ಇಡೀ ಪುಸ್ತಕದಲ್ಲಿ ಕೆಂಪು ಬಣ್ಣ ಕೋಳಿಯ ಜುಟ್ಟಿಗೆ ಮಾತ್ರ. ಉಳಿದದ್ದೆಲ್ಲ ಸಿಮೆಂಟಿನ ಬೂದಿ, ಇಟ್ಟಿಗೆಯ ಕಂದು. ಎಷ್ಟು ಸಾಮಾನು ತುಂಬಿದ್ದರೂ ಕಣ್ಣು ಮೊದಲು ಜುಟ್ಟನ್ನು ಹಿಡಿಯುತ್ತಿತ್ತು. ಪುಟಗಳ ನಡುವಿನ ಮಡಿಕೆಯ ಹತ್ತಿರ ಎರಡು ಬೆರಳಗಲ ಏನನ್ನೂ ಬರೆಯಲಿಲ್ಲ, ಹೊಲಿಗೆ ಹಾಕಿದಾಗ ಅದು ನುಂಗಿಬಿಡುತ್ತದೆ.

ಐದು ಸಲ ಹಾಗೆ ಬರೆದು, ಐದು ಸಲವೂ ಅವಳಿಂದ ಓದಿಸಿ, ತಿದ್ದಿದೆ. ನನ್ನ ಕೈಯಿಂದ ಮೂವತ್ತು ವರ್ಷದ ಅಭ್ಯಾಸ ಬಿಡಿಸುವುದು ಎಮ್ಮೆಯನ್ನು ನೀರಿನಿಂದ ಎಬ್ಬಿಸಿದ ಹಾಗಿತ್ತು. ಖಾಲಿ ಜಾಗ ಕಂಡರೆ ಬ್ರಷ್ಷು ತಾನಾಗಿ ಅತ್ತ ಹೋಗುತ್ತಿತ್ತು. ಆರನೆಯ ಸಲದ ಪುಟವನ್ನು ಅವಳು ಬೆರಳಿಟ್ಟು, ಎತ್ತದೆ, ಕೊನೆಯವರೆಗೆ ಓದಿದಳು. ನಾನು ಉಳಿದ ಪುಟಗಳನ್ನೆಲ್ಲ ಅದೇ ಅಳತೆಯಲ್ಲಿ ಎರಡು ವಾರದಲ್ಲಿ ಮುಗಿಸಿದೆ. ಕಥೆಯ ಆರಂಭ, ಮುಕ್ತಾಯ ಸೇರಿ ಒಟ್ಟು ಇಪ್ಪತ್ತನಾಲ್ಕು ಪುಟ. ಟೀಚರ್ ಅವನ್ನು ಕಂಪನಿಗೆ ತಲುಪಿಸಿದರು. ಆಗ ಏಪ್ರಿಲ್ ಶುರುವಾಗಿತ್ತು, ಕೈಯಲ್ಲಿ ಎರಡು ತಿಂಗಳಿತ್ತು.

ಹತ್ತು ದಿನಕ್ಕೆ ಕಂಪನಿಯಿಂದ ಕರೆ ಬಂತು, ಅಚ್ಚಿಗೆ ಹೋಗುವ ಮುಂಚೆ ಮಾದರಿ ನೋಡಿಹೋಗಿ ಎಂದು. ಮೂರನೇ ಮಹಡಿ, ಗಾಜಿನ ಕೋಣೆ, ಕತ್ತಿಗೆ ನೇತುಹಾಕಿದ ವಿಸಿಟರ್ ಕಾರ್ಡು. ಅಲ್ಲಿ ಇಬ್ಬರಿದ್ದರು. ಒಬ್ಬರು ಸಮಾಜಸೇವೆಯ ವಿಭಾಗ ನೋಡಿಕೊಳ್ಳುವ ಮ್ಯಾನೇಜರ್, ದಾವಣಗೆರೆ ಕಡೆಯವರು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಇನ್ನೊಬ್ಬ ಡಿಸೈನರ್, ಬ್ರೂಕ್‌ಫೀಲ್ಡಿನಲ್ಲಿ ಮನೆಯಂತೆ, ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದ.

ಮಾದರಿ ಮೇಜಿನ ಮೇಲಿತ್ತು. ತೆಗೆದು ನೋಡಿದೆ. ಒಂದು ಕ್ಷಣ ಯಾರದೋ ಪುಸ್ತಕ ಕೊಟ್ಟಿದ್ದಾರೆ ಅಂದುಕೊಂಡೆ. ಇಪ್ಪತ್ತನಾಲ್ಕು ಪುಟ ಹದಿನಾರಾಗಿತ್ತು. ನನ್ನ ಕೈಬರಹದಿಂದ ಒಂದೊಂದೇ ಅಕ್ಷರ ಕತ್ತರಿಸಿ, ಕಂಪ್ಯೂಟರಿನಲ್ಲಿ ಪೋಣಿಸಿ, ಸಾಲುಗಳನ್ನು ಹತ್ತಿರ ಎಳೆದಿದ್ದರು. ಪುಟಕ್ಕೆ ಏಳು ಸಾಲು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನೊಳಗೆ ಕೊಂಬಿನಂತೆ ಚುಚ್ಚಿಕೊಂಡಿತ್ತು. ಕೋಳಿ ಎಡಕ್ಕೆ ತಿರುಗಿತ್ತು. ಎಲ್ಲ ಪುಟದ ತಳದಲ್ಲೂ ಎಡತುದಿಗೆ ಕಂಪನಿಯ ಗುರುತಿರುವ ಕೆಂಪು ಪಟ್ಟಿ. ಕೋಳಿಯ ಜುಟ್ಟು ಆ ಕೆಂಪಿನ ಮುಂದೆ ಕಾಣಿಸುತ್ತಲೇ ಇರಲಿಲ್ಲ. ಹತ್ತನೇ ಮಹಡಿಯಲ್ಲಿ ಕೋಳಿಯ ಕತ್ತು ಸರಿಯಾಗಿ ಮಡಿಕೆಯೊಳಗೆ ಹೋಗಿತ್ತು.

"ಇದನ್ನ ಯಾಕೆ ಹಿಂಗೆ ಮಾಡಿದ್ರಿ?" ಎಂದೆ.

"ವೈಟ್ ಸ್ಪೇಸ್ ಜಾಸ್ತಿ ಇತ್ತು ಸಾರ್, ಖಾಲಿ ಖಾಲಿ ಕಾಣ್ತಿತ್ತು" ಎಂದ ಡಿಸೈನರ್. "ಹದಿನಾರು ಪೇಜ್ ಆದ್ರೆ ಒಂದೇ ಶೀಟಲ್ಲಿ ಕೂತ್ಕೊಳ್ಳುತ್ತೆ. ಕೋಳಿ ಲೋಗೋ ಕಡೆ ನೋಡಿದ್ರೆ ಬ್ಯಾಲೆನ್ಸ್ ಆಗುತ್ತೆ ಅಂತ ಫ್ಲಿಪ್ ಮಾಡ್ದೆ."

"ಒತ್ತು ಗುಡಿಸಿಗೆ ಡಿಕ್ಕಿ ಹೊಡೀತಿದೆಯಲ್ಲಪ್ಪ, ಕಾಣಲ್ವಾ?"

ಅವನು ನಾಚಿಕೊಂಡು ನಕ್ಕ. "ನಂಗೆ ಕನ್ನಡ ಓದೋಕೆ ಬರಲ್ಲ ಸಾರ್. ಶೇಪ್ ನೋಡ್ಕೊಂಡು ಸೆಟ್ ಮಾಡ್ದೆ. ಆಫೀಸಲ್ಲಿ ಹನ್ನೆರಡು ಜನಕ್ಕೆ ತೋರಿಸಿದ್ವಿ, ಎಲ್ಲರೂ ಸೂಪರ್ ಅಂದ್ರು."

"ಆ ಹನ್ನೆರಡು ಜನಕ್ಕೆ ಕನ್ನಡ ಓದೋಕೆ ಬರುತ್ತಾ?"

ಅವನು ಮ್ಯಾನೇಜರ್ ಮುಖ ನೋಡಿದ. ಅವರು ನಗುತ್ತಲೇ, "ನೋಡ್ರಿ ಸಾಹೇಬ್ರ, ನಾವೂ ಕನ್ನಡ ಮೀಡಿಯಂನಾಗ ಓದಿದೋರು. ಇಷ್ಟೆಲ್ಲಾ ತಲಿ ಕೆಡಿಸ್ಕೋಬ್ಯಾಡ್ರಿ. ಮಕ್ಕಳು ಹೆಂಗಿದ್ರೂ ಓದ್ತಾವ. ಫ್ರೀ ಕೊಡಾಕತ್ತೀವಲ್ಲ?" ಎಂದರು.

ಫ್ರೀ ಎಂಬ ಆ ಪದ ಕಿವಿಗೆ ಬಿದ್ದದ್ದೇ ತಡ, ಮಾದರಿಯನ್ನು ಮೇಜಿಗೆ ಬಡಿದೆ. "ಫ್ರೀ ಅಂದ್ರೆ ಕುರುಡು ದೀಪ ಕೊಡ್ತೀರಾ? ನಿಮ್ಮ ಮನೆ ಮಕ್ಕಳ ಪುಸ್ತಕ ಹಿಂಗಿದ್ರೆ ಸುಮ್ನಿರ್ತಿದ್ರಾ?" ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ನೀರಿನ ಲೋಟ ಉರುಳಿ ಅವರ ಲ್ಯಾಪ್‌ಟಾಪಿನ ಕಡೆ ಹರಿಯಿತು. ಗಾಜಿನಾಚೆ ಜನ ಎದ್ದು ನಿಂತು ನೋಡಿದರು. ಸೆಕ್ಯುರಿಟಿಯವನು ಬಂದು, "ಬನ್ನಿ ಅಣ್ಣ" ಎಂದು ಮೆಲ್ಲಗೆ ತೋಳು ಹಿಡಿದು ಕೆಳಗೆ ಕರೆತಂದ. ಅವನೂ ನಮ್ಮ ಪೀಣ್ಯದ ಕಡೆಯ ಹುಡುಗನೇ, ಗೇಟಿನಲ್ಲಿ ಬಿಡುವಾಗ ನೀರು ಕೊಟ್ಟ.

ಮಾರನೇ ದಿನ ಕಂಪನಿ ಟೀಚರಿಗೆ ಹೇಳಿ ಕಳಿಸಿತು. ಮಾದರಿ ಇದ್ದ ಹಾಗೇ ಅಚ್ಚಾಗುತ್ತದೆ, ಹಂಚುವ ಕಾರ್ಯಕ್ರಮ ಮೇ ಕೊನೆಗೆ, ಇನ್ನು ಮುಂದೆ ಬರೆದವರು ಆಫೀಸಿಗೆ ಬರುವುದು ಬೇಡ. ನಾನು ಬಿಡಿಸಿ ಹೇಳಿದ್ದರೆ ನಾಲ್ಕು ಸಾಲಾದರೂ ಸರಿಯಾಗುತ್ತಿತ್ತೇನೋ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಟೀಚರ್ ನನ್ನನ್ನು ಬಿಡಲಿಲ್ಲ. "ನಿಮ್ಮ ಸಿಟ್ಟು ನಿಮಗೆ ಚೆನ್ನಾಗಿರುತ್ತೆ ಅಣ್ಣ. ಕೂಗಾಡಿ ಮನೆಗೆ ಹೋಗಿ ಮಲಗ್ತೀರಿ. ಇವಳು ಜೂನ್‌ನಲ್ಲಿ ಏನು ಓದ್ಬೇಕು?" ಹುಡುಗಿ ಅಲ್ಲೇ ತಮ್ಮನಿಗೆ ಅನ್ನ ಕಲಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಬರೆದ ಮೂಲ ಪುಟಗಳೂ ಕಂಪನಿಯಲ್ಲೇ ಇದ್ದವು. ಹೊರಗೆ ಬಂದು ನಿಂತೆ. ಸೈಟಿನ ಸುತ್ತ ತಗಡಿನ ಬೇಲಿ ಹಾಕಿದ್ದರು. ಬೇಲಿಯ ರಸ್ತೆ ಕಡೆಯ ಮುಖಕ್ಕೆ ಈಜುಕೊಳದಲ್ಲಿ ನಗುವ ಸಂಸಾರದ ಫ್ಲೆಕ್ಸ್. ಶೆಡ್ಡುಗಳ ಕಡೆಯ ಮುಖ ಉದ್ದಕ್ಕೂ ಖಾಲಿ. ಮೂವತ್ತು ವರ್ಷ ಖಾಲಿ ತಗಡು ಕಂಡರೆ ತುಂಬಿದವನು ನಾನು. ಅವರ ಕಂಪ್ಯೂಟರು, ಅವರ ಶೀಟು, ಅವರ ಹದಿನಾರು ಪುಟ ಯಾವುದೂ ಬೇಡ ಅನ್ನಿಸಿತು. ಕಾಗದಕ್ಕಾಗಿ ಯಾರ ಕಾಲೂ ಹಿಡಿಯುವುದಿಲ್ಲ, ನನಗೆ ಬರುವ ಕೆಲಸ ಬೋರ್ಡು, ಬೋರ್ಡೇ ಬರೆಯುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ತಗಡು ಏರಿಳಿತದ್ದು, ಸಣ್ಣ ಅಕ್ಷರ ಕೂರುವುದಿಲ್ಲ. ಅದಕ್ಕೆ ದಾರಿ ತೋರಿಸಿದವನು ಹುಡುಗಿಯ ಅಪ್ಪ. ಸ್ಲ್ಯಾಬಿಗೆ ಹೊಡೆದು ಹೊಡೆದು ಸವೆದ ಸೆಂಟ್ರಿಂಗ್ ಪ್ಲೈವುಡ್ಡು ಶೆಡ್ಡುಗಳ ಹಿಂದೆ ರಾಶಿ ಬಿದ್ದಿತ್ತು. "ತಗೋರಿ ಅಣ್ಣಾರ, ಇವು ಇನ್ನ ಉರಿ ಹಚ್ಚಾಕ ಹೋಗೂವ. ಮೇಸ್ತ್ರಿಗೆ ನಾ ಹೇಳತೀನಿ" ಎಂದ. ಹನ್ನೆರಡು ಹಲಗೆ ಆರಿಸಿ, ಸಿಮೆಂಟು ಕೆರೆದು, ಎಣ್ಣೆಯ ಜಿಡ್ಡನ್ನು ಸೋಪಿನ ನೀರಿನಲ್ಲಿ ಉಜ್ಜಿ, ಪ್ರೈಮರ್ ಕೊಟ್ಟು, ಬಿಳಿ ಎನಾಮೆಲ್ ಎರಡು ಕೋಟು ಹೊಡೆದೆ. ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಬಡಿದೆ. ಅಳತೆ ಅದೇ. ಅಕ್ಷರ ದೊಡ್ಡದು ಮಾಡುವ ಆಸೆ ಆಯಿತು, ತಡೆದೆ. ಇದು ರಸ್ತೆಯಾಚೆಯಿಂದ ನೋಡುವ ಬೋರ್ಡಲ್ಲ, ಮುಟ್ಟಿ ಓದುವ ಬೋರ್ಡು. ಎತ್ತರವನ್ನೂ ಅವಳನ್ನೇ ನಿಲ್ಲಿಸಿ ಗುರುತು ಹಾಕಿದೆ, ಮೊಣಕೈ ಮಡಿಸಿದರೆ ಬೆರಳು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೂರನೆಯ ಸಾಲು.

ಎದುರುಬದುರಿನ ಎರಡು ಪುಟಕ್ಕೆ ಒಂದರಂತೆ, ಎಡದಿಂದ ಬಲಕ್ಕೆ ಬೇಲಿಯುದ್ದಕ್ಕೂ ಹನ್ನೆರಡು ಹಲಗೆ. ಬಿಸಿಲಿಗೆ ಎನಾಮೆಲ್ ಬ್ರಷ್ಷಿನಲ್ಲೇ ಗಟ್ಟಿಯಾಗುತ್ತಿತ್ತು, ನಿಮಿಷಕ್ಕೊಮ್ಮೆ ಟರ್ಪೆಂಟೈನ್ ಬೆರೆಸಬೇಕು. ಕಲ್ಲುಪುಡಿಯ ಧೂಳು ಹಸಿ ಬಣ್ಣಕ್ಕೆ ಕೂರುತ್ತಿತ್ತು. ಮೂರು ವಾರ ಹಿಡಿಯಿತು. ಮಕ್ಕಳು ನಾನು ಬರೆದು ಏಳುವುದನ್ನೇ ಕಾಯುತ್ತಿದ್ದರು. ನಾಲ್ಕನೇ ಹಲಗೆ ಒಣಗುವ ಮೊದಲೇ ಹುಡುಗಿ ಬೆರಳಿಟ್ಟು ಕೆಡಿಸಿದಳು. ಬೈದೆ. ಅವಳು ಸೀರೆಯ ಚಿಂದಿಯಲ್ಲಿ ಬೆರಳು ಒರೆಸಿಕೊಂಡು, "ಮುಂದ ಏನಾತು ಅಂತ ನೋಡಬೇಕಿತ್ತು" ಎಂದಳು. ಕಥೆ ಕಟ್ಟಿದವರಲ್ಲಿ ಅವಳೂ ಒಬ್ಬಳು, ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ!

ಆಮೇಲೆ ದಿನಾ ಬೆಳಿಗ್ಗೆ ತಮ್ಮನನ್ನು ಸೊಂಟಕ್ಕೇರಿಸಿ ಒಂದನೇ ಹಲಗೆಯಿಂದ ಹೊರಡುತ್ತಿದ್ದಳು. ಓದುತ್ತ ಓದುತ್ತ ಹನ್ನೆರಡನೆಯದಕ್ಕೆ ಮುಟ್ಟಿ, ಮತ್ತೆ ವಾಪಸ್ಸು. ಟೀಚರ್ ಕಿಲಾಡಿ, ಅವಳಿಗೆ ಕಥೆ ಬಾಯಿಪಾಠ ಎಂದು ಗೊತ್ತಿದ್ದದ್ದರಿಂದ ನಡುನಡುವೆ ಒಂದು ಪದದ ಮೇಲೆ ಕೋಲಿಟ್ಟು ಕೇಳುತ್ತಿದ್ದರು. ಮೇ ಮೂರನೇ ವಾರಕ್ಕೆ ಎಲ್ಲಿ ಕೋಲಿಟ್ಟರೂ ಥಟ್ಟನೆ ಓದುತ್ತಿದ್ದಳು. ಅಷ್ಟರಲ್ಲಿ ನಾನು ಬಿಟ್ಟ ಹನ್ನೆರಡು ಮಿಲಿಮೀಟರ್ ಬಿಳಿಯಾಗಿ ಉಳಿದಿರಲಿಲ್ಲ. ಇಪ್ಪತ್ತು ಮಕ್ಕಳ ಬೆರಳು ಓಡಾಡಿ ಪ್ರತಿ ಸಾಲಿನ ಕೆಳಗೂ ಒಂದು ಬೂದು ಪಟ್ಟಿ ಬಿದ್ದಿತ್ತು.

ಮೇ ಕೊನೆಗೆ ಕಾರ್ಯಕ್ರಮ ಬಂತು. ಶಾಮಿಯಾನ, ಕೆಂಪು ಕುರ್ಚಿ, ಪುಸ್ತಕದ ಪೆಟ್ಟಿಗೆಗಳು. ಮ್ಯಾನೇಜರ್ ಬೇಲಿಯ ಹಲಗೆಗಳನ್ನು ನೋಡಿ ಬೆರಗಾದರು. ಆದರೆ ಅವರ ಬಾಯಿಂದ ಬಂದ ಮೊದಲ ಮಾತು, "ಛಲೋ ಐತ್ರಿ ಇದು. ಫೋಟೋ ತೆಗೀತಾರ, ಸಾಲಿನ ಕೆಳಗ ಕೊಳಿ ಆಗೇತಿ ನೋಡ್ರಿ, ಒಂದ್ ಸರ್ತಿ ಬಿಳಿ ಹೊಡದುಬಿಡ್ರಿ" ಎಂದು.

ಈ ಸಲ ನಾನು ಕೂಗಲಿಲ್ಲ. "ಅದು ಕೊಳೆ ಅಲ್ಲ ಸಾರ್. ಹೊಡೆಯಲ್ಲ" ಎಂದಷ್ಟೇ ಹೇಳಿ ಬ್ರಷ್ಷನ್ನು ಚೀಲಕ್ಕೆ ಹಾಕಿದೆ.

ಎಲ್ಲರಿಗೂ ಪುಸ್ತಕ ಕೊಟ್ಟರು. ಹುಡುಗಿಯನ್ನು ಮುಂದೆ ಕರೆದು ಮೈಕು ಹಿಡಿದು ಓದು ಎಂದರು. ಅವಳು ಪುಸ್ತಕ ಬಿಚ್ಚಿದಳು. ಬೆರಳಿಟ್ಟಳು. ಎತ್ತಿದಳು. ಪುಟ ತಿರುವಿದಳು, ಇನ್ನೊಂದು ಪುಟಕ್ಕೆ ಇಟ್ಟಳು, ಎತ್ತಿದಳು. ಕಥೆ ಅವಳಿಗೆ ಬಾಯಿಗೆ ಬರುತ್ತಿತ್ತು, ಕಣ್ಣು ಮುಚ್ಚಿ ಒಪ್ಪಿಸಿದ್ದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಒಪ್ಪಿಸಲಿಲ್ಲ. ಮೈಕಿನಲ್ಲೇ ಹೇಳಿದಳು:

"ಇದರಾಗ ಬೆರಳ ಇಡಾಕ ಜಾಗನ ಇಲ್ರೀ."

ಯಾರೋ ನಕ್ಕರು, ನಾಚಿಕೆ ಮಗುವಿಗೆ ಎಂದು ಇನ್ಯಾರೋ ಅಂದರು. ಅವಳು ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಬೇಲಿಯ ಹತ್ತಿರ ಹೋಗಿ ಒಂದನೇ ಹಲಗೆಗೆ ಬೆರಳು ಹಚ್ಚಿ ಜೋರಾಗಿ ಓದತೊಡಗಿದಳು. ಉಳಿದ ಮಕ್ಕಳೂ ಎದ್ದು ಹೊರಟರು. ಕ್ಯಾಮೆರಾದವನು ಹಿಂದೆ ಓಡಿದ. ಮ್ಯಾನೇಜರ್ ಮಾತ್ರ ಕುರ್ಚಿಯ ಮೇಲಿನ ಪುಸ್ತಕ ಎತ್ತಿಕೊಂಡು, ಒಂದು ಪುಟ ಬಿಚ್ಚಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ಸಾಲಿನ ಕೆಳಗೆ ತಮ್ಮ ಬೆರಳು ಇಟ್ಟು ನೋಡಿದರು. ಬಹಳ ಹೊತ್ತು ಬೆರಳು ಸರಿಯಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, "ಮುಂದಿನ ಪ್ರಿಂಟ್‌ನಾಗ ನೋಡೋಣ್ರಿ" ಎಂದರು. ಆ ಮುಂದಿನ ಪ್ರಿಂಟು ಇವತ್ತಿಗೂ ಬಂದಿಲ್ಲ. ನನ್ನ ಸಿಟ್ಟೂ ಇವತ್ತಿಗೂ ಇಳಿದಿಲ್ಲ.

ಜೂನ್ ಮೊದಲ ವಾರ ಟೀಚರ್ ಹುಡುಗಿಯನ್ನು ಸರ್ಕಾರಿ ಶಾಲೆಗೆ ಕರೆದೊಯ್ದರು. ನಾನೂ ಹೋದೆ. ಅವಳ ತಾಯಿ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಳು. ನಾನು ಮತ್ತು ಟೀಚರ್ ಹಿಂದಿನ ಬೆಂಚಿನಲ್ಲಿ ಕೂತೆವು. ಹೆಡ್ ಮೇಡಂ ಪಠ್ಯಪುಸ್ತಕವೊಂದನ್ನು ನಡುವೆ ಎಲ್ಲೋ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಅಚ್ಚಿನ ಅಕ್ಷರ, ಅವಳು ಕಾಣದ ಪಾಠ. ಅವಳು ಬಗ್ಗಿ ಬೆರಳಿಟ್ಟು ಮೊದಲ ಸಾಲು ಓದಿದಳು.

"ಬೆರಳು ತೆಗಿಯಮ್ಮ" ಎಂದರು ಹೆಡ್ ಮೇಡಂ. "ನಾಲ್ಕನೇ ಕ್ಲಾಸಿನವರು ಬೆರಳಿಟ್ಟು ಓದಲ್ಲ."

ನಾನು ಎದ್ದೇ ಬಿಟ್ಟಿದ್ದೆ. ಟೀಚರ್ ಅಂಗಿಯ ತುದಿ ಹಿಡಿದು ಕೂರಿಸಿದರು. ಹುಡುಗಿ ಒಂದು ಸಲ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ನೆಟ್ಟಗೆ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಓದಿದಳು. ಎರಡನೇ ಸಾಲು, ಮೂರನೇ ಸಾಲು. ಒತ್ತು ಬಂದ ಕಡೆ ಒತ್ತು, ದೀರ್ಘ ಬಂದ ಕಡೆ ದೀರ್ಘ. ಹೆಡ್ ಮೇಡಂ ರಿಜಿಸ್ಟರಿನ ಕಡೆ ಕೈ ಚಾಚಿ ಪೆನ್ನಿನ ಕ್ಯಾಪು ತೆಗೆದರು. ಅವರಿಗೆ ಅವಳ ಮುಖ ಕಾಣುತ್ತಿತ್ತು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ಅವಳ ಕೈ. ಬೆನ್ನ ಹಿಂದೆ, ಗಾಳಿಯಲ್ಲಿ, ಅವಳ ತೋರುಬೆರಳು ಎಡದಿಂದ ಬಲಕ್ಕೆ ಮೆಲ್ಲಗೆ ಹೋಗುತ್ತಿತ್ತು. ಸಾಲು ಮುಗಿದಾಗ ನಿಂತಿತು, ಎಡಕ್ಕೆ ವಾಪಸ್ಸು ಬಂತು, ಹನ್ನೆರಡು ಮಿಲಿಮೀಟರಿನಷ್ಟು ಕೆಳಗಿಳಿದು ಮತ್ತೆ ಹೊರಟಿತು.